ಮುಚ್ಚಳ ತೆಗೆಯದ ಫೋಟೋ

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಪುಟ್ಟ ಕ್ಯಾಮೆರಾವೊಂದನ್ನು ತಾಯಿಯತ್ತ ಹಿಡಿದಳು.

“ಸೌಭಾಗ್ಯ, ಮದ್ಲು ಆ ಮುಚ್ಚಳ ತೆಗಿ. ಮೊನ್ನಿ ಮದುವ್ಯಾಗೂ ಹಿಂಗ ಹಿಡದಿದ್ದಿ, ಸ್ಟುಡಿಯೋದಾಂವ ಎಲ್ಲಾರ ಮುಂದ ನಕ್ಕ.”

“ಅದು ಮುಚ್ಚಳ ಅಲ್ಲಬೇ, ಲೆನ್ಸ್. ಅಗ್ಗದ್ದು, ಮುಚ್ಚಳದಂಗ ಐತಿ ಅಷ್ಟ. ನಡುವ ಸಣ್ಣ ಗಾಜು ಐತಿ ನೋಡು.”

“ಇಷ್ಟರಾಗ ಏನ್ ಕಾಣತೈತಿ?”

“ಮುಂಜಾನಿ ಹಟ್ಟಿಯಾಗ ತೆಗದಿದ್ದು ನೋಡು.”

ತಾಯಿ ಕ್ಯಾಮೆರಾದ ಪರದೆಯತ್ತ ಬಗ್ಗಿದಳು.

“ಸುತ್ತಲಿನ ಕುರಿ ಎಲ್ಲಾ ಮಂಜ ಮಂಜ ಆಗ್ಯಾವಲ್ಲ!”

“ಈ ಲೆನ್ಸಿನ ಗುಣಾನ ಅದು. ಅದಕ್ಕ ತಗೊಂಡೀನಿ. ನಡುವ ಸ್ವಚ್ಛ ಕಾಣೋರು ಯಾರದಾರ?”

“ನಾನ. ನಾನೊಬ್ಬಾಕಿನ!”

ಅಷ್ಟರಲ್ಲಿ ಅವರ ಬಸ್ ಬಂತು. ತಾಯಿ ಮೆಟ್ಟಿಲು ಹತ್ತುತ್ತಲೇ ಕಂಡಕ್ಟರನಿಗೆ ಗಟ್ಟಿಯಾಗಿ ಹೇಳಿದಳು:

“ನನ್ನ ಮಗಳು ಮುಚ್ಚಳ ತೆಗೀದಂಗ ಫೋಟೋ ತೆಗಿತಾಳ್ರಿ!”