ಕೇಳಿ ಮಾಡಿಸಿದ ಕಟ್ಟೆ

ಇವತ್ತು ನಾನು ಮಾತಾಡುವುದು ಸ್ವರ್ಗದ ವಿಷಯವಲ್ಲ, ಅಡುಗೆಮನೆಯ ವಿಷಯ. ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ತಾಯಂದಿರು ನಕ್ಕರು, ಮುಂದಿನ ಸಾಲಿನಲ್ಲಿ ಯಜಮಾನರು ಗಡಿಯಾರ ನೋಡಿಕೊಂಡರು. ನೋಡಿ, ಈ ಪೀಠದ ಮೇಲೆ ಕೂತರೆ ಎಲ್ಲ ಕಾಣುತ್ತದೆ. ಗಡಿಯಾರ ನೋಡಿದವರಿಗೇ ಈ ದೃಷ್ಟಾಂತ.

ಒಂದೂರಿನಲ್ಲಿ ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ಕಥೆ ಬಿಟ್ಟು ಅವನ ಬೀಗರು ಯಾರೆಂದು ಹುಡುಕಲು ಹೊರಡುತ್ತೀರಿ. ಒಣಮೆಣಸಿನಕಾಯಿ ವ್ಯಾಪಾರಿ. ಅವನ ಅಂಗಡಿಯ ಓಣಿಗೆ ಕಾಲಿಟ್ಟರೆ ಸೀನು ಬರುತ್ತಿತ್ತು. ಅಂಗಿ ಒಗೆದರೂ ಕೆಂಪು, ಕರವಸ್ತ್ರ ಒಗೆದರೂ ಕೆಂಪು. ಕೆಟ್ಟವನಲ್ಲ, ಕುಡಿತವಿಲ್ಲ, ಜೂಜಿಲ್ಲ. ಮಠಕ್ಕೆ ಬರುತ್ತಿದ್ದ, ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಅವನ ರೋಗ ಒಂದೇ: ‘ಬಂದವರು ಏನಂದಾರು?’

ಹೆಂಡತಿಯ ಹೆಸರು ಸಾವಂತ್ರವ್ವ. ಕುಳ್ಳಗಿನ ಹೆಣ್ಣುಮಗಳು. ಮದುವೆಯಾಗಿ ಬಂದಾಗಿನಿಂದ ಬಾಡಿಗೆ ಮನೆಯಲ್ಲಿ ಬಾಳ್ವೆ. ಆ ಮನೆಯ ಅಡುಗೆ ಕಟ್ಟೆ ಯಾರೋ ಎತ್ತರದವರಿಗೆ ಕಟ್ಟಿಸಿದ್ದು. ಈಕೆಯ ಎದೆಮಟ್ಟಕ್ಕೆ ಬರುತ್ತಿತ್ತು. ರೊಟ್ಟಿ ಬಡಿಯುವ ತಾಯಂದಿರಿಗೆ ಇದರ ಕಷ್ಟ ಗೊತ್ತು. ಕಟ್ಟೆ ಸೊಂಟದ ಮಟ್ಟಕ್ಕಿದ್ದರೆ ಮೈಯ ಭಾರವೇ ರೊಟ್ಟಿ ಬಡಿಯುತ್ತದೆ. ಎದೆಮಟ್ಟಕ್ಕಿದ್ದರೆ ಭುಜವೇ ಬಡಿಯಬೇಕು. ಬಡಿದೂ ಬಡಿದೂ ಆಕೆಯ ಬಲಭುಜ ಹಿಡಿದುಕೊಂಡಿತು. ಕೈ ಎತ್ತಿ ತಲೆ ಬಾಚಿಕೊಳ್ಳಲು ಆಗದು; ಹೆರಳು ಮಗಳೇ ಹಾಕಬೇಕು. ಹೀಗೇ ಬಡಿಯುತ್ತಿದ್ದರೆ ಆ ಕೈ ಮೇಲೇಳುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಗಂಡನ ಎದುರಿನಲ್ಲೇ ಹೇಳಿದ್ದರು.

ಸ್ವಂತ ಮನೆ ಕಟ್ಟುತ್ತೇವೆ ಎಂದಾಗ ಆಕೆ ಬಂಗಾರ ಕೇಳಲಿಲ್ಲ, ಮಹಡಿ ಕೇಳಲಿಲ್ಲ. ತನ್ನ ಸೊಂಟದ ಮಟ್ಟಕ್ಕೆ ಒಂದು ಕಟ್ಟೆ ಕೇಳಿದಳು. ಅಷ್ಟೇ.

ಮನೆ ಎದ್ದಿತು. ಕಟ್ಟೆಗೆ ಕಲ್ಲು, ನೆಲಕ್ಕೆ ಟೈಲ್ಸ್ ಆರಿಸುವ ದಿನ ಬಂತು. ಸಾಹುಕಾರ ಹೆಂಡತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡ. “ನಿನ್ನ ಕೇಳದ ಮಾಡಿದೆ ಅಂತ ನಾಳೆ ಅನ್ನಬಾರದು, ಬಾ,” ಅಂದ. ಆ ಮಾತು ಕೇಳಿ ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ದಾರಿಯುದ್ದಕ್ಕೂ ಬಲಭುಜ ನೀವಿಕೊಳ್ಳುವುದನ್ನೇ ಮರೆತಳು.

ದೊಡ್ಡ ಅಂಗಡಿ. ಗೋಡೆ ತುಂಬ ಟೈಲ್ಸ್, ಎಲ್ಲದರಲ್ಲೂ ಮುಖ ಕಾಣುವ ಹೊಳಪು. ಸಾವಂತ್ರವ್ವ ಏನು ಮಾಡಿದಳು? ಚಪ್ಪಲಿ ಬಿಟ್ಟಳು. ನೆಲಕ್ಕೆ ಹಾಸಿದ್ದ ಹೊಳೆಯುವ ಟೈಲ್ಸ್ ಮೇಲೆ ಬಾಟಲಿಯಿಂದ ಒಂದಿಷ್ಟು ನೀರು ಸುರಿದು, ಬರಿಗಾಲು ಇಟ್ಟು ನೋಡಿದಳು. ಕಾಲು ಸರಕ್ಕನೆ ಜಾರಿತು. ಮೂಲೆಯಲ್ಲಿ ಬೂದಿ ಬಣ್ಣದ ಒರಟು ಟೈಲ್ಸ್ ಇತ್ತು. ಅದರ ಮೇಲೂ ನೀರು ಸುರಿದು ನಿಂತಳು. ಕಾಲು ಅಲ್ಲಾಡಲಿಲ್ಲ.

“ಇದು ಬೇಷ್ ಐತ್ರಿ. ಹಿಟ್ಟು-ನೀರು ಬಿದ್ರೂ ಜಾರೂದಿಲ್ಲ. ಕಟ್ಟಿ ಮ್ಯಾಲೆ ಕರೀಕಲ್ಲು ಇರಲಿ. ಎತ್ತರ ಇಲ್ಲೀಮಟ,” ಎಂದು ಸೊಂಟದ ಮೇಲೆ ಕೈ ಇಟ್ಟು ತೋರಿಸಿದಳು.

ಅಂಗಡಿಯವನು ನಕ್ಕ. ಸಾಹುಕಾರನ ಮುಖ ಕೆಂಪಾಯಿತು. “ಮೊದಲ ಚಪ್ಪಲಿ ಹಾಕ್ಕೋ. ಮಂದಿ ನೋಡಾಕತ್ತಾರ,” ಅಂದ. ಅಂಗಡಿಯವನು ಸಾಹುಕಾರನ ಕಡೆಗೇ ತಿರುಗಿ ನಿಂತ. ಒಂದು ಬಿಳಿ ಕಲ್ಲು ತರಿಸಿದ. ಹಾಲಿನಂಥ ಬಿಳುಪು, ಹೊರದೇಶದ್ದು.

“ಸರ್, ಇದು ಹಾಕಿದ್ರೆ ಬಂದವರು ಬಾಗಿಲಲ್ಲೇ ನಿಂತುಬಿಡ್ತಾರೆ. ಕಟ್ಟೆ ಮಾತ್ರ ಕೆಳಗೆ ಮಾಡಿಸಬೇಡಿ, ಲುಕ್ ಹೋಗುತ್ತೆ. ಇನ್ನೊಂದು ವಿಷಯ ಸರ್, ಇದರ ಮೇಲೆ ಖಾರ, ಅರಿಶಿನ, ಹುಣಸೆಹುಳಿ, ಎಣ್ಣೆ, ಹಾಲು ಇಂಥವು ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.”

ಕೇಳಿದಿರಾ? ಅದು ಅಡುಗೆ ಕಟ್ಟೆ. ಅದರ ಮೇಲೆ ಖಾರ ಬೀಳಬಾರದು, ಅರಿಶಿನ ಬೀಳಬಾರದು, ಎಣ್ಣೆ ಬೀಳಬಾರದು! ಮೆಣಸಿನಕಾಯಿ ಮಾರಿ ಕಟ್ಟಿದ ಮನೆಯಪ್ಪಾ ಅದು! ಆ ಮನೆಯಲ್ಲಿ ಚಿಟಿಕೆ ಖಾರಕ್ಕೆ ಜಾಗವಿಲ್ಲ! ಆದರೆ ಸಾಹುಕಾರನ ಕಿವಿಗೆ ಬಿದ್ದದ್ದು ‘ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ’ ಎಂಬುದೊಂದೇ.

ಹೆಂಡತಿಯ ಕಡೆ ತಿರುಗಿ ಗಾದೆ ಬೇರೆ ಹೇಳಿದ. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ, ತಿಳೀತಿಲ್ಲೋ?”

ಆಕೆ ಸಣ್ಣ ದನಿಯಲ್ಲಿ ಅಂದಳು, “ಗಾದ್ಯಾಗೂ ಊಟನ ಮೊದಲ ಬರ್ತೈತ್ರಿ.”

ಇಬ್ಬರೂ ಗಂಡಸರು ನಕ್ಕರು. ಬಿಳಿ ಕಲ್ಲು ಬಂತು, ಹೊಳೆಯುವ ಟೈಲ್ಸ್ ಬಂತು, ಕಟ್ಟೆ ಎದೆಮಟ್ಟಕ್ಕೆ ಎದ್ದಿತು. ಸಾಹುಕಾರ ಪೇಟೆ ತುಂಬ ಹೇಳಿಕೊಂಡು ತಿರುಗಿದ: “ನಮ್ಮನಿಯವರನ್ನ ಕೇಳೇ ಮಾಡಿಸೀನ್ರಿ. ಖುದ್ದ ಕರಕೊಂಡ ಹೋಗಿದ್ದೆ.” ಸುಳ್ಳು ಹೇಳಲಿಲ್ಲ ನೋಡಿ. ಕರೆದುಕೊಂಡು ಹೋಗಿದ್ದು ನಿಜ, ಕೇಳಿದ್ದೂ ನಿಜ.

ಮನೆ ಒಕ್ಕಲಿನ ದಿನ ಬಂತು. ಹೊಸ ಒಲೆಯ ಮೇಲೆ ಮನೆಯೊಡತಿ ಹಾಲು ಉಕ್ಕಿಸಬೇಕು. ಕಾಯಿಸುವುದಲ್ಲ, ಉಕ್ಕಿಸುವುದು. ಪಾತ್ರೆ ಮೀರಿ ಒಲೆಯ ಮೇಲೆ ಚೆಲ್ಲಿದರೆ ಮಾತ್ರ ಆ ಮನೆ ತುಂಬಿ ತುಳುಕುತ್ತದೆ ಎಂದು ಹಿರಿಯರು ಮಾಡಿಟ್ಟ ಪದ್ಧತಿ. ಅಡುಗೆಮನೆ ತುಂಬ ಬಂಧುಬಳಗ. ಬಂದವರು ನಿಜವಾಗಿಯೂ ಬಾಗಿಲಲ್ಲೇ ನಿಂತು ಆಹಾ ಎಂದರು. ಸಾಹುಕಾರ ಮಾತ್ರ ಆಹಾ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಬೆಳಗಿನಿಂದ ಒಲೆಯ ಸುತ್ತ ಟವೆಲ್ ಹಾಸುತ್ತಿದ್ದ. ಪಾತ್ರೆಗೆ ಹಚ್ಚಲು ತಂದ ಅರಿಶಿನದ ಬಟ್ಟಲನ್ನು ತಾನೇ ಎತ್ತಿ ಹೊರಗಿಟ್ಟ.

ಸಾವಂತ್ರವ್ವ ಹಾಲಿನ ಪಾತ್ರೆ ಇಟ್ಟಳು. ಆದರೆ ಕಟ್ಟೆಯ ಎತ್ತರಕ್ಕೆ ಪಾತ್ರೆಯ ಒಳಗೆ ಏನಾಗುತ್ತಿದೆ ಎಂದು ಆಕೆಗೇ ಕಾಣದು! ಒಂದು ಮಣೆ ತರಿಸಿ ಅದರ ಮೇಲೆ ನಿಂತಳು. ಹೊಳೆಯುವ ನೆಲ, ಮಣೆ ಜಾರಿತು. ಸಾಹುಕಾರನ ಸೋದರತ್ತೆ ಓಡಿಬಂದು ಆಕೆಯ ಸೊಂಟ ಹಿಡಿದುಕೊಂಡಳು. ಸ್ವಂತ ಮನೆಯಲ್ಲಿ, ಸ್ವಂತ ಒಲೆಯ ಮುಂದೆ, ಒಬ್ಬರು ಹಿಡಿದುಕೊಂಡರೆ ಮಾತ್ರ ನಿಲ್ಲಬಹುದು ಎಂಬ ಸ್ಥಿತಿ. ನನಗೆ ಈ ಮಾತು ಹೇಳುವಾಗ ಈಗಲೂ ಸಿಟ್ಟು ಬರುತ್ತದೆ.

ಹಾಲು ಕಾಯಿತು. ಅಂಚಿನಲ್ಲಿ ಗುಳ್ಳೆ ಎದ್ದವು. ಹೆಂಗಸರು “ಉಕ್ಕಲಿ, ಉಕ್ಕಲಿ” ಎಂದು ಶುರುಮಾಡಿದರು. ಸಾಹುಕಾರ ಜನರನ್ನು ಸರಿಸಿಕೊಂಡು ಹೆಂಡತಿಯ ಹತ್ತಿರ ಬಂದ. ಕಿವಿಯಲ್ಲಿ ಅಂದ, “ಅಂಚಿಗೆ ಬಂದ ಕೂಡ್ಲೇ ಆರಿಸು.”

“ಉಕ್ಕಬೇಕ್ರಿ,” ಅಂದಳು.

“ಕಲ್ಲು ಹಾಳಾಗ್ತೈತಿ. ಆರಿಸು.”

ಹಾಲು ಏಳುತ್ತಿದೆ. ಆಕೆಯ ಕೈ ಒಲೆಯ ಗುಂಡಿಯ ಹತ್ತಿರವೇ ಇದೆ, ತಿರುಗಿಸುತ್ತಿಲ್ಲ. ಕೆನೆ ಉಬ್ಬಿತು, ಅಂಚಿಗೆ ಬಂತು. “ಉಕ್ಕಲಿ!” ಎಂದು ಮನೆಯೆಲ್ಲ ಕೂಗಿತು. ಇನ್ನೇನು ಚೆಲ್ಲಬೇಕು, ಆಗ ಸಾಹುಕಾರ ಹೆಂಡತಿಯ ಕೈ ಸರಿಸಿ ತಾನೇ ಗುಂಡಿ ತಿರುಗಿಸಿಬಿಟ್ಟ.

ಹಾಲು ಇಳಿದುಹೋಯಿತು.

ಕೂಸೊಂದು ಅತ್ತಿತು, ಅದರ ತಾಯಿ ಅದರ ಬಾಯಿ ಮುಚ್ಚಿದಳು. ಸೋದರತ್ತೆ ಪಾತ್ರೆಯೊಳಗೆ ಇಣುಕಿ ಕೇಳಿದಳು, “ಯಾಕೋ ತಮ್ಮಾ? ಉಕ್ಕಲಿಲ್ಲಲ್ಲೋ!”

“ಉಕ್ಕಿದಂಗ ಆತು ಬಿಡ ಅತ್ತಿ.”

“ಉಕ್ಕಿದಂಗ ಅಂದ್ರೇನೋ? ಉಂಡಂಗ ಆತು ಅಂದ್ರ ಹೊಟ್ಟಿ ತುಂಬತೈತೇನು?”

ಸಾಹುಕಾರನಿಗೆ ಬೆವರು. ಬಂದವರೆಲ್ಲ ನೋಡುತ್ತಿದ್ದಾರೆ. ಜೀವಮಾನವಿಡೀ ಹೆದರಿದ್ದು ಯಾರಿಗೋ, ಅವರೇ ಈಗ ಎದುರಿಗೆ ನಿಂತಿದ್ದಾರೆ. ಹಿಡಿಯಲು ಬೇರೇನೂ ಸಿಗದೆ ಹೆಂಡತಿಯನ್ನೇ ಹಿಡಿದುಕೊಂಡ. “ನಾನೇನ ಒಬ್ಬನ ಮಾಡಿಸೀನೇನು? ಆಕೀನ್ನ ಕೇಳೇ ಮಾಡಿಸೀನಿ ಈ ಕಟ್ಟಿ. ಬೇಕಾದ್ರ ಕೇಳ್ರಿ!”

ಎಲ್ಲರ ಕಣ್ಣೂ ಸಾವಂತ್ರವ್ವನ ಮೇಲೆ. ಈಗ ಯೋಚನೆ ಮಾಡಿ. ಹೌದು ಎಂದರೆ ಗಂಡನ ಮಾನ ಉಳಿಯುತ್ತದೆ. ಆದರೆ ಹಾಗೆ ಅಂದುಬಿಟ್ಟರೆ ನಾಳೆಯಿಂದ ಆ ಎತ್ತರದ ಕಟ್ಟೆಯ ಮುಂದೆ ಬಡಿಯಬೇಕಾದದ್ದು ಆಕೆಯ ಭುಜವೇ, ಮತ್ತೆ ಬಾಯಿ ತೆರೆಯುವ ಹಾಗಿಲ್ಲ. ಇಷ್ಟು ವರ್ಷ ಇಂಥ ಪ್ರಶ್ನೆಗಳಿಗೆಲ್ಲ ಆಕೆ ಹೌದು ಎಂದೇ ಬಂದಿದ್ದಳು.

“ಕೇಳಿದ್ರಿ,” ಅಂದಳು. “ಕೇಳಿಸ್ಕೊಳ್ಳಲಿಲ್ಲ.”

ಅಷ್ಟೇ ಅಂದು ಸೆರಗಿನಿಂದ ಪಾತ್ರೆ ಹಿಡಿದು, ಬಲಗೈ ಸೋತಿದ್ದರಿಂದ ಎಡಗೈಯಲ್ಲೇ ಭಾರ ಹೊತ್ತು, ಹಿತ್ತಲಿಗೆ ನಡೆದಳು. ಮನೆ ಕಟ್ಟಿ ಉಳಿದ ಇಟ್ಟಿಗೆ ಅಲ್ಲಿ ಬಿದ್ದಿದ್ದವು. ಮೂರನ್ನು ಜೋಡಿಸಿ ಒಲೆ ಮಾಡಿದಳು. ಸೋದರತ್ತೆ ಗೊಣಗುತ್ತಲೇ ಹಿಂದೆ ಹೋದಳು, ಹೋಗುವಾಗ ಅರಿಶಿನದ ಬಟ್ಟಲನ್ನೂ ಎತ್ತಿಕೊಂಡಳು. ಆಮೇಲೆ ನಾದಿನಿ, ಆಮೇಲೆ ಮಗಳು, ಆಮೇಲೆ ಓಣಿಯ ಹೆಂಗಸರೆಲ್ಲ. ಕೊನೆಗೆ ಗಂಡಸರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಬಿಳಿ ಅಡುಗೆಮನೆಯಲ್ಲಿ ಉಳಿದವನು ಸಾಹುಕಾರ ಒಬ್ಬನೇ.

ಅಲ್ಲಿ ನಿಂತೇ ಅವನಿಗೆ ಕೇಳಿಸಿತು. ಕಟ್ಟಿಗೆಯ ಚಟಪಟ, ಹೆಂಗಸರ “ಉಕ್ಕಲಿ, ಉಕ್ಕಲಿ.” ಆಮೇಲೆ ಹಾಲು ಕೆಂಡದ ಮೇಲೆ ಬಿದ್ದು ಚುಂಯ್ ಎಂದ ಸದ್ದು, ಅದರ ಹಿಂದೆಯೇ ಕೇಕೆ. ಸೋದರತ್ತೆಯ ದನಿ ಎಲ್ಲಕ್ಕಿಂತ ಮೇಲೆ: “ಹಾಲು ಎಲ್ಲಿ ಉಕ್ಕಿತೋ ಅದ ಒಲಿ! ಇವತ್ತಿನಿಂದ ಈ ಮನಿ ಒಲಿ ಹಿತ್ತಲದಾಗ ನೋಡ್ರೆವ್ವಾ!”

ಸಾಹುಕಾರ ಬಿಳಿ ಕಲ್ಲಿನ ಮೇಲೆ ಕೈ ಇಟ್ಟ. ತಣ್ಣಗಿತ್ತು. ಇಷ್ಟು ಅಂದವಾದ ಜಾಗದಲ್ಲಿ ತಾನೊಬ್ಬನೇ ಯಾಕೆ ನಿಂತಿದ್ದೇನೆ ಎಂದು ಅವನಿಗೆ ಮೊದಲ ಸಲ ಭಯವಾಯಿತು. ಹಿತ್ತಲಿಗೆ ಬಂದ. ಜನ ದಾರಿ ಬಿಟ್ಟರು. ಹೆಂಡತಿಯ ಮುಂದೆ ನಿಂತು, ಎಲ್ಲರೂ ಕೇಳುವ ಹಾಗೆ ಕೇಳಿದ, “ಕಟ್ಟಿ ಎಷ್ಟು ಎತ್ತರ ಇರಬೇಕು?”

ಆಕೆ ಉರಿ ಸರಿಮಾಡುತ್ತಲೇ ಅಂದಳು, “ಆವತ್ತ ತೋರಿಸಿದ್ನಲ್ರಿ.”

“ನೋಡಲಿಲ್ಲ. ಇನ್ನೊಮ್ಮೆ ತೋರಿಸು.”

ಸಾವಂತ್ರವ್ವ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟಳು. ಈ ಸಲ ಅವನು ನೋಡಿದ. ಕಟ್ಟೆ ಒಡೆಸಿ, ಆಕೆ ಹೇಳಿದಷ್ಟಕ್ಕೆ ಇಳಿಸಿ, ಕರಿಕಲ್ಲು ಹಾಕಿಸಿದ; ನೆಲಕ್ಕೂ ಆ ಒರಟು ಟೈಲ್ಸೇ ಬಂತು. ಬಿಳಿ ಕಲ್ಲು ಈಗ ಅವನ ಅಂಗಡಿಯ ಮುಂದೆ ಹಮಾಲರು ಕೂತು ಚಹಾ ಕುಡಿಯುವ ಕಟ್ಟೆಯಾಗಿದೆ. ಖಾರದ ಧೂಳು ಕೂತು ಕೆಂಪಾಗಿದೆ. ಎಲ್ಲ ಸರಿಹೋಯಿತು ಎನ್ನುತ್ತೀರಾ? ಇಲ್ಲ. ಕಟ್ಟೆ ಇಳಿಯಿತು, ಆ ಭುಜ ಮೊದಲಿನ ಹಾಗೆ ಆಗಲಿಲ್ಲ. ಆಕೆಯ ಹೆರಳು ಇವತ್ತಿಗೂ ಮಗಳೇ ಹಾಕುತ್ತಾಳೆ. ತಡವಾಗಿ ಕೇಳಿಸಿಕೊಂಡರೆ ಕಲ್ಲು ಬದಲಾಯಿಸಬಹುದು, ಮೂಳೆ ಬದಲಾಯಿಸಲಾಗದು.

ಈಗ ನಿಮ್ಮ ಕಡೆ ಬರುತ್ತೇನೆ. ‘ಕೇಳು’ ಎಂಬ ಒಂದೇ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ಪ್ರಶ್ನೆ ಕೇಳುವುದೂ ಕೇಳುವುದೇ, ಮಾತು ಕೇಳುವುದೂ ಕೇಳುವುದೇ. ನೀವು ಮೊದಲನೆಯದನ್ನು ಮುಗಿಸಿ ಎರಡನೆಯದೂ ಆಯಿತೆಂದು ಕೈತೊಳೆದುಕೊಳ್ಳುತ್ತೀರಿ. ‘ಕೇಳೇ ಮಾಡಿದೆ’ ಎನ್ನುತ್ತೀರಿ. ಮಗಳ ಮದುವೆ ಕೇಳೇ ಮಾಡಿದೆ, ಮಗನ ಓದು ಕೇಳೇ ಆರಿಸಿದೆ. ಕೇಳಿದಿರಿ, ಸರಿ. ಅವರು ಏನಂದರು? ಎಲ್ಲಿ, ಯಾರಾದರೂ ಒಬ್ಬರು ಎದ್ದು ನಿಂತು ಹೇಳಿ ನೋಡೋಣ.

ತಾಯಂದಿರೇ, ನೀವು ಬಹಳ ನಗಬೇಡಿ. ಮನೆಗೆ ಸೊಸೆ ಬಂದಿದ್ದಾಳಲ್ಲ, ಡಬ್ಬಿಗಳನ್ನು ಯಾರ ಕೈಗೆ ಎಟಕುವ ಹಾಗೆ ಇಟ್ಟಿದ್ದೀರಿ?

ಯಜಮಾನರೇ, ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದವರು ಟಿವಿ ಮುಂದೆ ಕೂರಬೇಡಿ. ಅಡುಗೆಮನೆಗೆ ಹೋಗಿ. ಆ ಕಟ್ಟೆಯ ಮುಂದೆ ನಿಂತು ನೀವೇ ಒಂದು ರೊಟ್ಟಿ ಬಡಿಯಿರಿ. ಹರಿದರೆ ಹರಿಯಲಿ, ನೀವೇ ತಿನ್ನಿ. ಆಮೇಲೆ ಮನೆಯಾಕೆಯನ್ನು ಕೇಳಿ: ‘ನಿನಗಿಲ್ಲಿ ಏನು ತ್ರಾಸ ಐತಿ?’ ಆಕೆ ‘ಏನಿಲ್ಲ’ ಎನ್ನುತ್ತಾಳೆ. ಮೊದಲ ಸಲ ಎಲ್ಲರೂ ಏನಿಲ್ಲ ಎಂದೇ ಅನ್ನುತ್ತಾರೆ. ಅದನ್ನೇ ಉತ್ತರವೆಂದುಕೊಂಡು ಹೊರಗೆ ಬರಬೇಡಿ. ಅಲ್ಲೇ ನಿಲ್ಲಿ. ಆಕೆ ಎರಡನೆಯ ಮಾತು ಆಡುವವರೆಗೂ ನಿಲ್ಲಿ.

ಗಡಿಯಾರ ಮಾತ್ರ ನೋಡಬೇಡಿ.