ಎಸಳಿನ ಚಿತ್ರಗಳೂ ನಮ್ಮ ಮನೆಯ ಮಾಡೆಲ್ಲೂ

ಮಾನ್ಯ ಅಧ್ಯಕ್ಷರೇ, ಪ್ರದರ್ಶನವನ್ನು ಉದ್ಘಾಟಿಸಿದ ಹಿರಿಯ ಶಿಲ್ಪಿಗಳೇ, ವಾಚನಾಲಯದ ಪದಾಧಿಕಾರಿಗಳೇ, ಚಹಾ ಇನ್ನೂ ಬಾರದಿದ್ದರೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಈಗಷ್ಟೇ ನನ್ನನ್ನು ‘ಖ್ಯಾತ ಕಲಾವಿದೆ’ ಎಂದು ಪರಿಚಯಿಸಿದರು. ಖ್ಯಾತಿಯ ವಿಷಯ ನನಗೆ ಗೊತ್ತಿಲ್ಲ. ಆದರೆ ಗೋಡೆಯ ಮೇಲಿರುವ ಚಿತ್ರಗಳು ಚೆನ್ನಾಗಿವೆ, ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನನ್ನದು ಹೂವಿನ ಅಂಗಡಿ. ಮಾರಾಟವಾಗದೆ ಉಳಿದ ಗುಲಾಬಿ, ಸೇವಂತಿಗೆಗಳನ್ನು ಮನೆಗೆ ತಂದು ಎಸಳು ಬಿಡಿಸುತ್ತೇನೆ. ಆನ್‌ಲೈನ್ ಚಿತ್ರಕಲಾ ತರಗತಿಯಲ್ಲಿ ಮಾಡೆಲ್ ಒಂದು ಭಂಗಿಯಲ್ಲಿ ನಿಂತಾಗ ಬೇರೆಯವರು ಪೆನ್ಸಿಲ್ ಹಿಡಿಯುತ್ತಾರೆ, ನಾನು ಹಾಳೆಯ ಮೇಲೆ ಎಸಳು ಜೋಡಿಸುತ್ತೇನೆ. ಬಾಡಿದ ಎಸಳಿನ ಅಂಚು ಕಂದಿರುತ್ತದಲ್ಲ, ಅದೇ ನನಗೆ ಮೈಯ ನೆರಳು. ಕೊನೆಗೆ ಫೋಟೋ ತೆಗೆದು ಮುದ್ರಿಸುತ್ತೇನೆ.

ಈ ಕಲೆಗೆ ಶತ್ರು ಯಾರು? ವಿಮರ್ಶಕರಲ್ಲ, ಗಾಳಿ! ಆದ್ದರಿಂದ ನಮ್ಮ ಮನೆಯಲ್ಲೊಂದು ಕಾನೂನು. ತರಗತಿ ಶುರುವಾದರೆ ಫ್ಯಾನ್ ಬಂದ್, ಕಿಟಕಿ ಬಂದ್. ನಾನು ‘ಅಲ್ಲಾಡ್ಬೇಡಿ’ ಎಂದರೆ ನಮ್ಮ ಯಜಮಾನರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು.

ಯಜಮಾನರು ಬಸ್ ಚಾಲಕರಾಗಿದ್ದವರು. ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿತು. ಊರೆಲ್ಲ ಸುತ್ತಿಸಿದ ಮನುಷ್ಯ ಹೊಸಿಲು ದಾಟುವುದನ್ನೇ ಬಿಟ್ಟರು. “ಜನ ನನ್ ಮುಖ ನೋಡಲ್ಲ ಕಣೇ, ಕೈ ನೋಡ್ತಾರೆ” ಎನ್ನುತ್ತಿದ್ದರು. ಯಾರಾದರೂ ಬಂದರೆ ಒಳಕೋಣೆ ಸೇರುತ್ತಿದ್ದರು. ನಾನು ಬೈದೆ, ಗೋಗರೆದೆ, ಮಾತು ಬಿಟ್ಟೆ. ಜಗ್ಗಲಿಲ್ಲ. ನಿಜ ಹೇಳಲೇ? ನಾನು ತರಗತಿ ಸೇರಿದ್ದು ಕಲೆಗಾಗಿ ಅಲ್ಲ. ಸಂಜೆ ಹೊತ್ತು ಮನೆಯಲ್ಲಿ ನಾಲ್ಕು ಜನರ ದನಿ ಕೇಳಲಿ ಎಂದು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಒಂದು ಸಂಜೆ ಮಾಡೆಲ್‌ನ ಇಂಟರ್ನೆಟ್ ಕೈಕೊಟ್ಟಿತು. ಮೇಷ್ಟ್ರು ನನ್ನ ಎಸಳಿನ ಕೆಲಸವನ್ನು ಎಲ್ಲರಿಗೂ ತೋರಿಸಲೆಂದು ನನ್ನ ಕ್ಯಾಮೆರಾವನ್ನೇ ಪರದೆಯ ತುಂಬ ಹಾಕಿದ್ದರು. ಹಾಳೆಯ ಜೊತೆ ನನ್ನ ಬೆನ್ನ ಹಿಂದಿನ ಬಾಗಿಲೂ ಅದರಲ್ಲಿ ಕಾಣುತ್ತಿತ್ತು. ಅದೇ ಹೊತ್ತಿಗೆ ಸ್ನಾನ ಮುಗಿಸಿ, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು ಯಜಮಾನರು ಬಾಗಿಲಿಗೆ ಬಂದರು. ತಿರುಗಿಯೂ ನೋಡದೆ ನಾನು “ಅಲ್ಲಾಡ್ಬೇಡಿ!” ಎಂದೆ. ಅವರು ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

“ಆಹಾ, ಬೇರೆ ಮಾಡೆಲ್ ಬಂದ್ರು!” ಎಂದರು ಮೇಷ್ಟ್ರು. “ಹಾಗೇ ಇರಿ ಸರ್. ಎಲ್ರೂ ಆ ಎಡಗೈ ನೋಡಿ, ಎಷ್ಟು ಭಾರವಾಗಿ ಇಳಿದಿದೆ! ಆ ಭಾರ ಚಿತ್ರದಲ್ಲಿ ಬರ್ಬೇಕು.”

ಆಗ ತಿರುಗಿ ನೋಡಿದೆ. ಇನ್ನು ಈ ಮನುಷ್ಯ ಕೋಣೆಯಿಂದಲೂ ಹೊರಬರುವುದಿಲ್ಲ ಎಂದುಕೊಂಡೆ. ಆದರೆ ಅವರು ಕದಲಲಿಲ್ಲ. ಎಲ್ಲರೂ ಬರೆದು ಮುಗಿಸಿ ತಮ್ಮ ತಮ್ಮ ಚಿತ್ರ ಹಿಡಿದು ತೋರಿಸಿದಾಗ ಹತ್ತಿರ ಬಂದು, ಕನ್ನಡಕ ಏರಿಸಿ, ಒಂದೊಂದನ್ನೂ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ, “ಏ, ಆ ಮೂಲೇಲಿರೋರು ನನ್ ಎಡಗೈ ಗಿಡ್ಡ ಬರ್ದಿದ್ದಾರೆ. ಸರಿ ಮಾಡಕ್ಕೆ ಹೇಳು” ಎಂದರು.

ಸಭಿಕರೇ, ನನಗೆ ನಗು ಬಂತು, ಅಳುವೂ ಬಂತು. ಅಂದಿನಿಂದ ನಮ್ಮ ತರಗತಿಗೆ ಅವರೇ ಮಾಡೆಲ್. ಈ ಗೋಡೆಗಳ ಮೇಲೆ ಇರುವುದೆಲ್ಲ ಅವರೇ.

ಆದರೂ ಪರದೆಯ ಮುಂದೆ ನಿಲ್ಲುವುದು ಬೇರೆ, ಜನರ ಮುಂದೆ ಬರುವುದು ಬೇರೆ. ಇವತ್ತು ಕರೆದರೆ, “ಗೋಡೆ ಮೇಲೆ ಇದ್ದೀನಲ್ಲ, ಅಷ್ಟು ಸಾಕು” ಎಂದರು. ನಾನು ಒಬ್ಬಳೇ ಬಂದೆ. ಅವರ ಪರವಾಗಿಯೂ ನಾನೇ ನಿಮಗೆಲ್ಲ...

ಕ್ಷಮಿಸಿ. ಒಂದು ನಿಮಿಷ.

ಕಟ್ಟಕಡೆಯ ಸಾಲಿನಲ್ಲಿ, ಅರ್ಧ ತೋಳಿನ ಅಂಗಿ ತೊಟ್ಟು ಒಬ್ಬರು ಈಗ ಬಂದು ಕುಳಿತರು. ಯಾರೂ ತಿರುಗಿ ನೋಡಬೇಡಿ ಎನ್ನುವವಳಿದ್ದೆ. ಬೇಡ. ತಿರುಗಿ, ಕಣ್ತುಂಬ ನೋಡಿ.

ರೀ, ಮುಂದಿನ ಸಾಲಲ್ಲಿ ಕುರ್ಚಿ ಖಾಲಿ ಇದೆ, ಬನ್ನಿ.

ನನ್ನ ಮಾತು ಮುಗಿಯಿತು. ಬಂದ ನಿಮಗೆಲ್ಲರಿಗೂ, ಬಂದ ಅವರಿಗೂ ಧನ್ಯವಾದ. ನಮಸ್ಕಾರ.