ಶೀಬಾ ಮೇಡಂ ಒಪ್ಪದ ಕಲ್ಲಿನ ರುಚಿ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಅಮೃತಮ್ಮನವರೇ, ಹೊರಮಾವಿನಿಂದ ಎರಡು ಬಸ್ಸು ಬದಲಿಸಿ ಬಂದಿರುವ ಮುನಿರಾಜಪ್ಪ, ಮಂಜುಳಮ್ಮ ದಂಪತಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ವೈನ್ ಪರೀಕ್ಷಕಿ ಶೀಬಾ ಮೇಡಂ ಅವರೇ, ಹಲಸೂರಿನ ಈ ಪುಟ್ಟ ಸಭಾಂಗಣದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳನ್ನೆಲ್ಲ ಮೊದಲೇ ಹಿಡಿದಿರುವ ಜಾಣ ಸಭಿಕರೇ,

ನಾನು ಸುಗತ, ಮಣ್ಣಿನ ವಿಜ್ಞಾನಿ. ಇಪ್ಪತ್ತೆರಡು ವರ್ಷ ವೈನ್ ದ್ರಾಕ್ಷಿಯ ಮಣ್ಣನ್ನು ಅಭ್ಯಾಸ ಮಾಡಿದ್ದೇನೆ. ಒಂದು ಹನಿ ವೈನ್ ಕುಡಿದಿಲ್ಲ. ನಮ್ಮದು ಬೌದ್ಧ ಮನೆತನ, ಮದ್ಯ ಮುಟ್ಟುವಂತಿಲ್ಲ. ಹಾಗಾದರೆ ನನ್ನ ಮಣ್ಣು ಏನು ಮಾಡಿತೆಂದು ನನಗೆ ತಿಳಿಯುತ್ತಿದ್ದುದು ಹೇಗೆ? ಶೀಬಾ ಮೇಡಂ ಹೇಳಬೇಕಿತ್ತು. ಅವರು ಒಂದು ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದರು. ನಾನು ಎದುರಿಗೆ ಕೂತು ಅವರ ಮುಖ ನೋಡುತ್ತಿದ್ದೆ. ಕೆಲಸಕ್ಕಾಗಿಯೇ ನೋಡುತ್ತಿದ್ದೆ, ಸಭಿಕರು ತಪ್ಪು ತಿಳಿಯಬಾರದು.

ವಿಜಯಪುರದ ಕಡೆಯ ಕಪ್ಪು ಮಣ್ಣು ಹುಟ್ಟಿದ್ದು ಲಾವಾ ಹೆಪ್ಪುಗಟ್ಟಿದ ಕಲ್ಲಿನಿಂದ. ಆ ಕಲ್ಲಿನ ರುಚಿ ವೈನಿನಲ್ಲಿ ಬರುತ್ತದೆಂದು ನಾನು ನಂಬಿದ್ದೆ. ಹೊರಮಾವಿನಲ್ಲಿರುವ ಮುನಿರಾಜಪ್ಪನವರ ತೋಟದಲ್ಲಿ ಒಂದು ಸಾಲಿಗೆ ಅವರದೇ ಕೆಂಪು ಮಣ್ಣು, ಇನ್ನೊಂದು ಸಾಲಿಗೆ ಲಾರಿಯಲ್ಲಿ ತರಿಸಿದ ಕಪ್ಪು ಮಣ್ಣು ಹಾಕಿ, ಎರಡರಲ್ಲೂ ಒಂದೇ ತಳಿಯ ಬಳ್ಳಿ ನೆಡುವುದೆಂದಾಯಿತು. ಆರೂವರೆ ಕೋಟಿ ವರ್ಷ ಕಾದಿದ್ದ ಮಣ್ಣು ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಳಿಯ ಟ್ರಾಫಿಕ್ಕಿನಲ್ಲಿ ಇನ್ನೂ ಮೂರು ಗಂಟೆ ಕಾಯಿತು.

ಮೂರು ವರ್ಷಕ್ಕೆ ಮೊದಲ ವೈನ್ ಬಂತು. ಶೀಬಾ ಮೇಡಂ ಎರಡರ ರುಚಿಯನ್ನೂ ನೋಡಿ ಗ್ಲಾಸು ಕೆಳಗಿಟ್ಟರು. "ಕೆಂಪು ಮಣ್ಣಿಂದು ಚೆನ್ನಾಗಿದೆ. ಕಪ್ಪು ಮಣ್ಣಿಂದು ನೀರು ನೀರು."

"ಕಲ್ಲಿನ ರುಚಿ?"

"ನನಗಂತೂ ಸಿಗ್ತಿಲ್ಲ, ಸುಗತ ಸರ್."

ವರದಿಯಲ್ಲಿ ಕಲ್ಲಿನ ರುಚಿ ಇದೆ ಎಂಬ ಒಂದು ವಾಕ್ಯ ಇರದಿದ್ದರೆ ಯೋಜನೆ ನಿಲ್ಲುತ್ತಿತ್ತು. ಸ್ವಲ್ಪ ಇದೆ ಎಂದಾದರೂ ಬರೆಯಿರಿ ಎಂದು ಬೇಡಿಕೊಂಡೆ. ಹೌದು, ನಾನೇ ಬೇಡಿಕೊಂಡೆ. ಅವರು ಹೇಳಿದರು, "ನೀವು ಕುಡಿಯಲ್ಲ, ನಾನು ಸುಳ್ಳು ಬರೆಯಲ್ಲ. ಇಬ್ರೂ ಹಾಗೇ ಇದ್ಬಿಡೋಣ."

ಯೋಜನೆ ನಿಂತಿತು. ಎಂಟು ತಿಂಗಳು ನಾನು ಅವರೊಡನೆ ಮಾತಾಡಲಿಲ್ಲ. ಒಂದೇ ಕಾರಿಡಾರಿನಲ್ಲಿ ಎದುರಾದರೆ ನೋಟಿಸ್ ಬೋರ್ಡ್ ಓದುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನೋಟಿಸ್ ಓದಿದವನು ನಮ್ಮ ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ.

ಒಂದು ದಿನ ಮಂಜುಳಮ್ಮ ಫೋನ್ ಮಾಡಿದರು. "ಸಾರ್, ನಿಮ್ ಕರೀ ಮಣ್ಣು ಮಳೆ ಬಿದ್ರೆ ವಾರ ಆದ್ರೂ ನೀರು ಬಿಡಲ್ಲ. ಬಳ್ಳಿ ಬರೀ ಎಲೆ ಬಿಟ್ಕೊಂಡ್ ಕೂತೈತೆ. ಬಂದು ನೋಡಿ. ಮೇಡಮ್ನೂ ಕರ್ಕೊಂಬನ್ನಿ."

ಕರೆಯದೆ ವಿಧಿಯಿರಲಿಲ್ಲ. ತೋಟದಲ್ಲಿ ಶೀಬಾ ಮೇಡಂ ಒಂದು ಹಿಡಿ ಮಣ್ಣು ಹಿಸುಕಿ, ಅಂಗೈಗೆ ಅಂಟಿದ್ದನ್ನು ತೋರಿಸಿ ಕೇಳಿದರು, "ವಿಜಯಪುರದಲ್ಲಿ ಬಳ್ಳಿ ನೆಡೋದು ಇಂಥ ಮಣ್ಣಲ್ಲೇನಾ?"

ಅಲ್ಲ. ಅಲ್ಲಿ ಒಳ್ಳೆಯ ದ್ರಾಕ್ಷಿ ಬೆಳೆಯುವುದು ಇಳಿಜಾರಿನಲ್ಲಿ, ಕಪ್ಪು ಕಲ್ಲು ಪುಡಿಯಾಗಿ ಮಣ್ಣಿನಲ್ಲಿ ಬೆರೆತಿರುವ ಕಡೆ. ಅಲ್ಲಿ ನೀರು ನಿಲ್ಲುವುದಿಲ್ಲ. ನಾನು ಮಣ್ಣು ತುಂಬಿಸಿದ್ದು ತಗ್ಗಿನ ಹೊಲದಿಂದ, ಏಕೆಂದರೆ ಲಾರಿ ಅಲ್ಲಿಯವರೆಗೆ ಮಾತ್ರ ಹೋಗುತ್ತಿತ್ತು. ಇಷ್ಟು ದೊಡ್ಡ ತಪ್ಪನ್ನು ನಾನು ಇಂದಿನವರೆಗೆ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಇಳಿಜಾರಿನ ಮಣ್ಣು ತಂದೆವು, ಹೊಸದಾಗಿ ನೆಟ್ಟೆವು. ಪ್ರತಿ ಭಾನುವಾರ ಇಬ್ಬರೂ ಹೊರಮಾವಿಗೆ ಹೋಗುತ್ತಿದ್ದೆವು. ಹೋಗಲೇಬೇಕಾದಷ್ಟು ಕೆಲಸವೇನೂ ಅಲ್ಲಿರಲಿಲ್ಲ. ಮೂರನೆಯ ವರ್ಷ ಹಣ್ಣು ವೈನಿಗೆ ಬೇಕಾದ ಹಾಗೆ ಚಿಕ್ಕದಾಗಿ, ಸಿಪ್ಪೆ ದಪ್ಪಗಾಗಿ ಬಂತು. ಆ ವೈನ್ ಬಾಯಿಗೆ ಹಾಕಿ ಶೀಬಾ ಮೇಡಂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಕಲ್ಲಿನ ರುಚಿ ಬಂತಾ?" ಎಂದೆ.

"ಇಲ್ಲ ಸರ್. ದ್ರಾಕ್ಷಿ ರುಚಿನೇ, ಗಟ್ಟಿಯಾಗಿ ಬಂದಿದೆ. ಈಗ ಬರೀತೀನಿ, ಪೆನ್ ಕೊಡಿ."

ಲಾವಾ ಮಣ್ಣು ವೈನಿಗೆ ಕೊಡುವುದು ಕಲ್ಲನ್ನಲ್ಲ. ಬಳ್ಳಿಗೆ ಎಷ್ಟು ನೀರು, ಯಾವಾಗ ಎಂಬುದನ್ನು ಅದು ತೀರ್ಮಾನಿಸುತ್ತದೆ. ಇದನ್ನು ನನಗೆ ಕಲಿಸಿದವರು ಈ ವೇದಿಕೆಯ ಮೇಲಿದ್ದಾರೆ. ಇನ್ನೂ ಬಹಳ ಹೇಳಬಹುದಿತ್ತು. ಆದರೆ ಮೊನ್ನೆ ಗುರುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಶೀಬಾ ಹೇಳಿದಳು, "ನನ್ನನ್ನ ಜಾಸ್ತಿ ಹೊಗಳ್ಬೇಡಿ, ಮಣ್ಣಿನ ವಿಷಯ ಹೇಳಿ ಇಳಿದ್ಬಿಡಿ" ಎಂದು.

ಯಾಕೆ ನಗುತ್ತಿದ್ದೀರಿ? ಅಧ್ಯಕ್ಷರೂ ನಗುತ್ತಿದ್ದಾರಲ್ಲ.

ಓ.

ಸರಿ, ಬಾಯಿಂದ ಬಂದುಬಿಟ್ಟಿತು. ಹೋದ ಸೋಮವಾರ ನಾವಿಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು. ಮುನಿರಾಜಪ್ಪ, ಮಂಜುಳಮ್ಮ ಸಾಕ್ಷಿ ಸಹಿ ಹಾಕಿದರು. ವಿಷಯವನ್ನು ಇಂದು ತಾನೇ ನಿಮಗೆ ತಿಳಿಸಬೇಕೆಂದು ಶೀಬಾ ನಾಲ್ಕು ದಿನ ಕೂತು ಭಾಷಣ ಬರೆದಿದ್ದಳು. ಆ ಕಾಗದವನ್ನೀಗ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಾಳೆ. ಪುಣ್ಯಕ್ಕೆ ನಗುತ್ತಲೇ ಹಾಕುತ್ತಿದ್ದಾಳೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ ಇಲ್ಲಿಯೇ ಹೇಳುತ್ತೇನೆ; ಆಕೆಯ ಕ್ಷಮೆಯನ್ನು ಮನೆಗೆ ಹೋಗಿ ಕೇಳುತ್ತೇನೆ. ನಮಸ್ಕಾರ.